ಕೈಕಳೆಯೋ, ಎಡೆಕುಂಟೆಯೋ, ಕಳೆನಾಶಕವೋ: ರಾಗಿ, ಭತ್ತ, ಜೋಳದ ಹೊಲಕ್ಕೂ ಗೋಮಾಳಕ್ಕೂ ಒಂದು ಹೋಲಿಕೆ

ಮುಂಗಾರು ಹದವಾಗಿ ಬಿದ್ದ ವರ್ಷ ಬೆಳೆಗಿಂತ ಮೊದಲು ಚಿಗುರುವುದು ಕಳೆ. ಬಿತ್ತನೆಯಾಗಿ ಮೂರು ವಾರ ಕಳೆಯುವಷ್ಟರಲ್ಲಿ ಆಳು ಕರೆಯುವುದೋ, ಸಾಲುಗಳ ನಡುವೆ ಎಳೆದು ಕಳೆ ತೆಗೆಯುವ ಎಡೆಕುಂಟೆ ಹೊಡೆಸುವುದೋ, ಅಂಗಡಿಗೆ ಹೋಗಿ ಕಳೆನಾಶಕ ತರುವುದೋ ಎಂಬ ಗೊಂದಲ ಶುರುವಾಗುತ್ತದೆ. ಪಕ್ಕದ ಹೊಲದವರು ಒಂದು ಹೇಳುತ್ತಾರೆ, ಔಷಧಿ ಅಂಗಡಿಯವರು ಇನ್ನೊಂದು ಹೇಳುತ್ತಾರೆ, ಕೃಷಿ ವಿಶ್ವವಿದ್ಯಾಲಯದ ಕೈಪಿಡಿಯಲ್ಲಿ ಮೂರನೆಯದೊಂದು ಇರುತ್ತದೆ. ಮೂವರ ಮಾತಿನಲ್ಲೂ ಅವರವರ ಮಟ್ಟಿಗೆ ಸತ್ಯವಿದೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ತೀರ್ಮಾನಿಸಲು ಬೇಕಾದ ಅಳತೆಗೋಲುಗಳನ್ನು ಮೊದಲು ಹೇಳಿ, ಆಮೇಲೆ ಒಂದೊಂದು ವಿಧಾನವನ್ನೂ ಅದರ ಮೇಲಿಟ್ಟು ನೋಡುವುದು ಈ ಬರಹದ ಉದ್ದೇಶ.

ಪ್ರಯೋಗದ ಪಟ್ಟಿಯನ್ನು ಓದುವ ಬಗೆ

ನಮ್ಮ ದೇಶದಲ್ಲಿ ಕಳೆ ನಿಯಂತ್ರಣದ ಕುರಿತು ವ್ಯವಸ್ಥಿತವಾದ ಕ್ಷೇತ್ರ ಪ್ರಯೋಗಗಳು 1978ರಿಂದ ಅಖಿಲ ಭಾರತ ಸಮನ್ವಯ ಸಂಶೋಧನಾ ಯೋಜನೆಯಡಿ ನಡೆಯುತ್ತಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಅದರ ಕೇಂದ್ರಗಳಲ್ಲೊಂದು. ಕಳೆ ಸಂಶೋಧನೆಗೆಂದೇ ಮೀಸಲಾದ ನಿರ್ದೇಶನಾಲಯ ಜಬಲ್ಪುರದಲ್ಲಿದೆ. 2003ರಿಂದ 2014ರವರೆಗೆ 18 ರಾಜ್ಯಗಳ ರೈತರ ಹೊಲಗಳಲ್ಲಿ ನಡೆದ ಒಂದೂವರೆ ಸಾವಿರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ಅಂದಾಜಿನ ಪ್ರಕಾರ ಕಳೆಯಿಂದ ಮೆಕ್ಕೆಜೋಳ ಮತ್ತು ಜೋಳದಲ್ಲಿ ಇಳುವರಿಯ ಕಾಲು ಭಾಗ, ನೇರ ಬಿತ್ತನೆಯ ಭತ್ತದಲ್ಲಿ ಸುಮಾರು ಶೇ. 21, ನಾಟಿ ಭತ್ತದಲ್ಲಿ ಸುಮಾರು ಶೇ. 14 ನಷ್ಟವಾಗುತ್ತಿದೆ. ಒಂದೇ ಭತ್ತ, ಆದರೆ ನಾಟಿ ಮಾಡಿದಾಗ ಒಂದು ಲೆಕ್ಕ, ಒಣ ನೆಲಕ್ಕೆ ಬಿತ್ತಿದಾಗ ಇನ್ನೊಂದು ಲೆಕ್ಕ. ಗದ್ದೆಯಲ್ಲಿ ನಿಂತ ನೀರೇ ಮೊದಲ ಕಳೆನಾಶಕ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂತಹ ಪ್ರಯೋಗದಲ್ಲಿ ಒಂದೇ ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ವಿಂಗಡಿಸಿ, ಪ್ರತಿಯೊಂದು ವಿಧಾನವನ್ನೂ ಚೀಟಿ ಎತ್ತಿದಂತೆ ಮೂರು ನಾಲ್ಕು ತಾಕುಗಳಿಗೆ ಹಂಚುತ್ತಾರೆ. ಒಂದು ತಾಕಿನಲ್ಲಿ ಕೊಯ್ಲಿನವರೆಗೂ ಕಳೆಯನ್ನು ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಒಂದೇ ಒಂದು ಕಳೆಯನ್ನೂ ಉಳಿಸುವುದಿಲ್ಲ. ಅರ್ಧ ಮೀಟರ್ ಚೌಕಟ್ಟನ್ನು ಅಲ್ಲಲ್ಲಿ ಇಟ್ಟು ಅದರೊಳಗಿನ ಕಳೆಗಳನ್ನು ಎಣಿಸಿ, ಒಣಗಿಸಿ ತೂಗುತ್ತಾರೆ. ಕಳೆ ಮುಟ್ಟದ ತಾಕಿಗೆ ಹೋಲಿಸಿದರೆ ಕಳೆಯ ಒಣತೂಕ ಶೇಕಡಾ ಎಷ್ಟು ಇಳಿಯಿತು ಎಂಬುದೇ ಪಟ್ಟಿಯಲ್ಲಿ ಕಾಣುವ ಕಳೆ ನಿಯಂತ್ರಣ ಸಾಮರ್ಥ್ಯ.

ಈ ಪಟ್ಟಿ ಓದುವಾಗ ಎರಡು ಕಡೆ ಎಡವುತ್ತೇವೆ. ಮೊದಲನೆಯದಾಗಿ, ಶೇ. 90ರಷ್ಟು ಕಳೆ ಸತ್ತರೆ ಶೇ. 90ರಷ್ಟು ಲಾಭ ಬಂತೆಂದು ಅರ್ಥವಲ್ಲ. ಇಳುವರಿಯ ಸಾಲನ್ನೂ ನಿವ್ವಳ ಆದಾಯದ ಸಾಲನ್ನೂ ಬೇರೆಬೇರೆಯಾಗಿ ನೋಡಬೇಕು. ಎರಡು ವಿಧಾನಗಳ ಇಳುವರಿಯ ಅಂತರವು ಪಟ್ಟಿಯ ಅಡಿಯಲ್ಲಿ ಕೊಟ್ಟಿರುವ ನಿರ್ಣಾಯಕ ವ್ಯತ್ಯಾಸಕ್ಕಿಂತ (ಆಕಸ್ಮಿಕವಾಗಿಯೂ ಬರಬಹುದಾದ ಅಂತರದ ಮಿತಿ) ಕಡಿಮೆಯಿದ್ದರೆ ಅವೆರಡೂ ಸಮ ಎಂದೇ ತಿಳಿದು ಅಗ್ಗವಾದದ್ದನ್ನು ಆರಿಸಿಕೊಳ್ಳುವುದು ಜಾಣತನ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಬಹುಪಾಲು ಪ್ರಯೋಗಗಳಲ್ಲಿ ‘20 ಮತ್ತು 40ನೆಯ ದಿನ ಎರಡು ಬಾರಿ ಕೈಕಳೆ’ ಎಂಬ ವಿಧಾನ ಇಳುವರಿಯಲ್ಲಿ ಮೊದಲ ಸ್ಥಾನದಲ್ಲೋ ಅದರ ಆಸುಪಾಸಿನಲ್ಲೋ ಇರುತ್ತದೆ. ಏಕೆಂದರೆ ಸಂಶೋಧನಾ ಕೇಂದ್ರದಲ್ಲಿ 20ನೆಯ ದಿನ ಎಂದರೆ 20ನೆಯ ದಿನವೇ ಆಳುಗಳು ಹೊಲದಲ್ಲಿರುತ್ತಾರೆ. ನಮ್ಮೂರಿನಲ್ಲಿ ಅದೇ ವಾರ ಎಲ್ಲರ ಹೊಲಕ್ಕೂ ಆಳು ಬೇಕು. ಸರದಿ ಬರುವಷ್ಟರಲ್ಲಿ 32ನೆಯ ದಿನವಾಗಿರುತ್ತದೆ. ಪಟ್ಟಿಯಲ್ಲಿ ಮೊದಲು ಬಂದದ್ದು ಹನ್ನೆರಡು ದಿನ ತಡವಾದ ಮೇಲೂ ಮೊದಲೇ ಬರುತ್ತದೆಂದು ಯಾವ ಪ್ರಯೋಗವೂ ಹೇಳಿಲ್ಲ.

ಅಳತೆಗೋಲುಗಳು

ಆದ್ದರಿಂದ ಮೊದಲ ಅಳತೆಗೋಲು ಸಮಯ. ಯಾವ ಬೆಳೆಯೂ ಇಡೀ ಆಯಸ್ಸು ಕಳೆಯೊಂದಿಗೆ ಹೋರಾಡಬೇಕಿಲ್ಲ. ಸ್ಥೂಲವಾಗಿ ಮೊದಲ ಮೂರನೆಯ ಒಂದು ಭಾಗದಲ್ಲಿ ಕಳೆಯಿಲ್ಲದಿದ್ದರೆ ಸಾಕು. ಮೆಕ್ಕೆಜೋಳ ಮತ್ತು ಜೋಳಕ್ಕೆ 15ರಿಂದ 45ನೆಯ ದಿನ, ನಾಟಿ ಭತ್ತಕ್ಕೆ 20ರಿಂದ 40ನೆಯ ದಿನ, ಬಿತ್ತಿದ ರಾಗಿಗೆ 25ರಿಂದ 45ನೆಯ ದಿನ ನಿರ್ಣಾಯಕ. ಈ ಅವಧಿಯಲ್ಲಿ ನಿಮ್ಮ ಕೈಗೆ ನಿಜವಾಗಿ ಸಿಗುವುದು ಆಳೋ, ಎತ್ತೋ, ಯಂತ್ರವೋ ಎಂಬುದು ಉಳಿದೆಲ್ಲವನ್ನೂ ನಿರ್ಧರಿಸುತ್ತದೆ.

ಎರಡನೆಯದು ಕಳೆಯ ಜಾತಿ. ಅಗಲ ಎಲೆಯ ಅಣ್ಣೆಸೊಪ್ಪು, ಗೋಣಿಸೊಪ್ಪುಗಳ ಕಾಟವೋ, ಹುಲ್ಲಿನ ಕಾಟವೋ, ಗರಿಕೆ ಮತ್ತು ಜೇಕಿನಂತಹ ಬೇರು ಗೆಡ್ಡೆಯ ಕಾಟವೋ ಎಂದು ಗುರುತಿಸದೆ ಔಷಧಿ ಕೊಳ್ಳುವುದು ಕಾಯಿಲೆ ಹೇಳದೆ ಮಾತ್ರೆ ಕೇಳಿದಂತೆ. ಏಕದಳ ಧಾನ್ಯಗಳೆಲ್ಲ ಹುಲ್ಲಿನ ಕುಲದವೇ ಆದ್ದರಿಂದ ಹುಲ್ಲಿನ ಬೆಳೆಯೊಳಗಿನ ಹುಲ್ಲನ್ನು ಮಾತ್ರ ಕೊಲ್ಲುವುದು ಕಷ್ಟದ ಕೆಲಸ. ರಾಗಿಯ ಒಡಹುಟ್ಟಿನಂತಿರುವ ಕಾಡುರಾಗಿಯನ್ನು ಎಳವೆಯಲ್ಲಿ ಪಳಗಿದ ಕಣ್ಣು ಮಾತ್ರ ಬೇರ್ಪಡಿಸಬಲ್ಲದು.

ಮೂರನೆಯದು ಹೊಲದಲ್ಲಿ ಬೇರೇನಿದೆ, ಮುಂದೇನು ಬಿತ್ತುತ್ತೀರಿ, ಕೊಟ್ಟಿಗೆಯಲ್ಲಿ ಏನಿದೆ ಎಂಬುದು. ಅಕ್ಕಡಿ ಸಾಲಿನಲ್ಲಿ, ಅಂದರೆ ಮುಖ್ಯ ಬೆಳೆಯ ನಡುವೆ ಬಿತ್ತುವ ಸಾಲಿನಲ್ಲಿ, ಅವರೆ, ತೊಗರಿ, ಹುಚ್ಚೆಳ್ಳು ಇರುವ ರಾಗಿ ಹೊಲಕ್ಕೂ ಬರೀ ರಾಗಿಯ ಹೊಲಕ್ಕೂ ಒಂದೇ ಸಲಹೆ ಸಲ್ಲುವುದಿಲ್ಲ. ಹಣದ ಲೆಕ್ಕ ಇವೆಲ್ಲವೂ ತಿಳಿದ ಮೇಲೆ ಮಾಡಬೇಕಾದದ್ದು. ಅದನ್ನೇ ಮೊದಲಿಗೆ ಮಾಡುವುದರಿಂದ ತಪ್ಪುಗಳಾಗುತ್ತವೆ.

ಕೈಕಳೆ

ಆಯ್ದು ಕೀಳುವ ಕೈಗೆ ಸಮನಾದ ಸಾಧನ ಇನ್ನೂ ಬಂದಿಲ್ಲ. ಸಾಲಿನ ನಡುವಿನದನ್ನೂ ಸಾಲಿನೊಳಗಿನದನ್ನೂ ತೆಗೆಯಬಹುದು, ಪೈರು ಒತ್ತಾದ ಕಡೆ ತೆಳುಗೊಳಿಸಿ ಖಾಲಿ ಬಿದ್ದಲ್ಲಿ ನೆಡಬಹುದು, ಅಕ್ಕಡಿ ಬೆಳೆಗೆ ಯಾವ ಅಪಾಯವೂ ಇಲ್ಲ. ಕಳೆ ಕೀಳುವ ಹೆಂಗಸರು ಸಂಜೆ ಹೊರುವ ಹುಲ್ಲಿನ ಹೊರೆ ಒಂದು ಹಸುವಿನ ಮೇವು. ಮಡಿಲಲ್ಲಿ ಕಟ್ಟಿಕೊಂಡ ಬೆರಕೆ ಸೊಪ್ಪು ಒಂದು ಹೊತ್ತಿನ ಸಾರು. ಖರ್ಚು ವೆಚ್ಚದ ಯಾವ ಪಟ್ಟಿಯಲ್ಲೂ ಇವೆರಡಕ್ಕೆ ಬೆಲೆ ಕಟ್ಟಿದ್ದನ್ನು ನಾನು ನೋಡಿಲ್ಲ.

ಆದರೆ ಒಂದು ಎಕರೆ ರಾಗಿಗೆ ಒಂದು ಬಾರಿಗೆ ಹತ್ತರಿಂದ ಹದಿನೈದು ಆಳು ಬೇಕಾಗುತ್ತದೆ. ಎರಡು ಬಾರಿ ಕೀಳಿಸಿದರೆ ಖರ್ಚು ಏರುವುದಷ್ಟೇ ಅಲ್ಲ, ಸಮಯವೂ ಕೈತಪ್ಪುತ್ತದೆ. ಅರ್ಧ ಎಕರೆಯಿಂದ ಒಂದು ಎಕರೆಯವರೆಗೆ, ಮನೆಮಂದಿಯೇ ಇಳಿದು ಮಾಡುವವರಿಗೆ ಇದು ಈಗಲೂ ಮೊದಲ ಆಯ್ಕೆ. ಮೂರು ಎಕರೆ ಮೇಲ್ಪಟ್ಟವರು ಕೈಕಳೆಯನ್ನು ಮುಖ್ಯ ವಿಧಾನವಾಗಿ ನೆಚ್ಚಿಕೊಳ್ಳದೆ, ಬೇರೊಂದು ವಿಧಾನ ಬಿಟ್ಟು ಹೋದದ್ದನ್ನು ತೆಗೆಯಲು ಉಳಿಸಿಕೊಳ್ಳುವುದು ಮೇಲು.

ಎಡೆಕುಂಟೆ ಮತ್ತು ಅದರ ನೆಂಟರು

ಎಡೆಕುಂಟೆಯನ್ನು ಆರಿಸಿಕೊಳ್ಳುವ ನಿರ್ಧಾರ ಬಿತ್ತನೆಯ ದಿನವೇ ಆಗಿಹೋಗಿರುತ್ತದೆ. ಕೂರಿಗೆಯಲ್ಲಿ 30 ಸೆಂಟಿಮೀಟರ್ ಅಂತರದ ಸಾಲು ಹಿಡಿದು ಬಿತ್ತಿದವರಿಗೆ ಈ ದಾರಿ ತೆರೆದಿದೆ. ಚೆಲ್ಲಿ ಬಿತ್ತಿದವರಿಗೆ ಮುಚ್ಚಿದೆ. 25ನೆಯ ದಿನದ ಆಸುಪಾಸಿನಲ್ಲಿ ಒಮ್ಮೆ, ಅದಾದ ಎರಡು ವಾರಕ್ಕೆ ಇನ್ನೊಮ್ಮೆ ಹೊಡೆದರೆ ಸಾಲುಗಳ ನಡುವಿನ ಕಳೆ ಬಹುಪಾಲು ಮುಗಿಯುತ್ತದೆ. ಅದರ ಜೊತೆಗೆ ಮೇಲ್ಮಣ್ಣಿನ ಹೆಪ್ಪು ಒಡೆದು ತೇವ ಉಳಿಯುತ್ತದೆ, ಬೇರಿಗೆ ಗಾಳಿಯಾಡುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಕುಂಟೆ ಹೊಡೆದ ಹೊಲ ಹಸಿರಾಗಿ ಉಳಿದು, ಕಳೆನಾಶಕ ಹೊಡೆದು ಕೈಬಿಟ್ಟ ಹೊಲ ಬಾಡುವುದಕ್ಕೆ ಕಾರಣ ಇದೇ.

ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ಈ ತತ್ವವನ್ನು ಕೊನೆಯವರೆಗೂ ಒಯ್ಯುತ್ತದೆ. ಅಲ್ಲಿ ಒಂದೂವರೆ ಅಡಿಯ ಚೌಕದಲ್ಲಿ ಗುಳಿ ಮಾಡಿ ಸಸಿ ನೆಡುವುದರಿಂದ ಉದ್ದಕ್ಕೂ ಅಡ್ಡಕ್ಕೂ ಎಡೆ ಹೊಡೆಯಬಹುದು. ಎಳೆಯ ಪೈರಿನ ಮೇಲೆ ಕೊರಡು ಎಳೆದು ತೆಂಡೆ (ಬುಡದಿಂದ ಒಡೆಯುವ ಕವಲು) ಹೆಚ್ಚಿಸುತ್ತಾರೆ. ಸಸಿ ಮಡಿ, ನಾಟಿ ಎಂದು ಮೊದಲಿಗೆ ಶ್ರಮ ಹೆಚ್ಚು. ಕಳೆಯ ಕಾಲಕ್ಕೆ ಶ್ರಮ ಕಡಿಮೆ. ಭತ್ತದಲ್ಲಿ ಇದೇ ಕೆಲಸವನ್ನು, ಎಳೆಯ ಸಸಿಯನ್ನು ಅಂತರ ಬಿಟ್ಟು ನೆಡುವ ಶ್ರೀ ಪದ್ಧತಿಯಲ್ಲಿ, ಕೈಯಿಂದ ತಳ್ಳುವ ಕೋನೋ ವೀಡರ್ ಮಾಡುತ್ತದೆ: 25 ಸೆಂಟಿಮೀಟರ್ ಚೌಕದ ನಾಟಿ, ನಾಟಿಯಾದ ಹತ್ತು ಹನ್ನೆರಡು ದಿನಕ್ಕೆ ಮೊದಲ ಸಲ, ಆಮೇಲೆ ಹತ್ತು ದಿನಕ್ಕೊಮ್ಮೆ, ಗದ್ದೆಯಲ್ಲಿ ತೆಳುವಾಗಿ ನೀರಿರುವಾಗ. ಕಿತ್ತ ಕಳೆ ಕೆಸರಿನಲ್ಲೇ ಹೂತು ಗೊಬ್ಬರವಾಗುತ್ತದೆ. ಜಿಗುಟು ಎರೆಮಣ್ಣಿನಲ್ಲಿ ಅದನ್ನು ತಳ್ಳುವುದು ಎಂತಹ ಕಷ್ಟವೆಂದು ತಳ್ಳಿದವರ ರಟ್ಟೆಗೇ ಗೊತ್ತು. ಕೊಳ್ಳುವ ಮೊದಲು ಒಂದು ದಿನ ಎರವಲು ತಂದು ನೋಡುವುದು ಒಳ್ಳೆಯದು.

ಎತ್ತಿಲ್ಲದವರಿಗೆ ಸೈಕಲ್ ಕುಂಟೆ ಇದೆ, ಪೆಟ್ರೋಲ್ ಅಥವಾ ಡೀಸೆಲ್‌ನ ಪವರ್ ವೀಡರ್ ಇದೆ. ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳಲ್ಲಿ ವಿಚಾರಿಸಬಹುದು. ಆದರೆ ಇವೆಲ್ಲಕ್ಕೂ ಎರಡು ಮಿತಿಗಳಿವೆ. ಸಾಲಿನೊಳಗಿನ ಕಳೆ ಹಾಗೇ ಉಳಿಯುತ್ತದೆ. ಜಡಿಮಳೆ ಹಿಡಿದರೆ ಕುಂಟೆ ಇಳಿಯುವುದಿಲ್ಲ, ಇಳಿದರೂ ಬುಡಮೇಲಾದ ಕಳೆ ಮರುದಿನವೇ ಬೇರೂರುತ್ತದೆ. ಗರಿಕೆ, ಜೇಕು ತುಂಬಿದ ನೆಲದಲ್ಲಂತೂ ಕುಂಟೆ ಅವನ್ನು ತುಂಡು ಮಾಡಿ ಹೊಲವಿಡೀ ಹಂಚುತ್ತದೆ.

ಕಳೆನಾಶಕ

ಕಳೆನಾಶಕದ ಬಲ ಅದರ ವೇಗ. ಒಬ್ಬ ಮನುಷ್ಯ ಅರ್ಧ ದಿನದಲ್ಲಿ ಒಂದು ಎಕರೆ ಮುಗಿಸುತ್ತಾನೆ, ಕೆಲವನ್ನು ಕಳೆ ಹುಟ್ಟುವ ಮೊದಲೇ ಸಿಂಪಡಿಸಬಹುದು. ಅದರ ದೌರ್ಬಲ್ಯ ಬೆಳೆಯಿಂದ ಬೆಳೆಗೆ ಬೇರೆ.

ಮೆಕ್ಕೆಜೋಳದಲ್ಲಿ ಆಯ್ಕೆ ಸುಲಭ. ಬಿತ್ತಿದ ಮೂರು ದಿನದೊಳಗೆ, ನೆಲದಲ್ಲಿ ತೇವವಿರುವಾಗ, ಶೇ. 50ರ ಅಟ್ರಾಜಿನ್ ಪುಡಿಯನ್ನು ಎಕರೆಗೆ 800 ಗ್ರಾಂನಿಂದ ಒಂದು ಕಿಲೋವರೆಗೆ ಸಿಂಪಡಿಸುವುದು ಹಳೆಯ, ಅಗ್ಗದ ವಿಧಾನ. ಅದು ತಪ್ಪಿಹೋದರೆ ಕಳೆ ಎರಡರಿಂದ ನಾಲ್ಕು ಎಲೆಯಲ್ಲಿರುವಾಗ ಟೆಂಬೋಟ್ರಿಯಾನ್ ಎಕರೆಗೆ 115 ಮಿಲಿಲೀಟರ್, ಜೊತೆಗೆ ಕೊಡುವ ಅಂಟು ದ್ರಾವಣ ಬೆರೆಸಿ. ಇದು ದುಬಾರಿ, ಆದರೆ ಹುಲ್ಲನ್ನೂ ಅಗಲ ಎಲೆಯನ್ನೂ ಹಿಡಿಯುತ್ತದೆ. ಮೆಕ್ಕೆಜೋಳದ ನಡುವೆ ತೊಗರಿ, ಅಲಸಂದೆ ಬಿತ್ತುವವರಿಗೆ ಅಟ್ರಾಜಿನ್ ಸಲ್ಲದು. ಅದರ ಶೇಷ ಮಣ್ಣಿನಲ್ಲಿ ಉಳಿದು ಮುಂದಿನ ದ್ವಿದಳ ಬೆಳೆಯನ್ನೂ ಬಾಧಿಸಬಹುದು. ಅಂತರ್ಜಲಕ್ಕೆ ಇಳಿಯುತ್ತದೆಂಬ ಕಾರಣಕ್ಕೆ ಯುರೋಪಿನ ಒಕ್ಕೂಟ ಇದನ್ನು ಕೈಬಿಟ್ಟು ಎರಡು ದಶಕ ಕಳೆದಿದೆ; ಕೊಳವೆಬಾವಿಯ ಪಕ್ಕದ ಮರಳು ನೆಲದವರು ಈ ಮಾತನ್ನು ಮರೆಯಬಾರದು.

ನಾಟಿ ಭತ್ತದಲ್ಲಿ ಬ್ಯುಟಾಕ್ಲೋರ್ ಶೇ. 50ರ ದ್ರಾವಣವನ್ನು ಎಕರೆಗೆ 1.2 ಲೀಟರಿನಂತೆ ಮರಳಿನಲ್ಲಿ ಬೆರೆಸಿ, ನಾಟಿಯಾದ ಮೂರರಿಂದ ಐದು ದಿನದೊಳಗೆ ತೆಳು ನೀರಿನಲ್ಲಿ ಎರಚುವುದು ಬಹುಕಾಲದ ರೂಢಿ. ಆ ಹೊತ್ತು ತಪ್ಪಿದರೆ 15ರಿಂದ 20ನೆಯ ದಿನಕ್ಕೆ ಬಿಸ್‌ಪೈರಿಬ್ಯಾಕ್ ಸೋಡಿಯಂ ಶೇ. 10ರದ್ದು ಎಕರೆಗೆ 100 ಮಿಲಿಲೀಟರ್. ನೀರು ಬಸಿದು ಕಳೆಯ ಎಲೆ ಹೊರಗೆ ಕಾಣುವಂತೆ ಮಾಡಿ ಸಿಂಪಡಿಸಬೇಕು, ಎರಡು ಮೂರು ದಿನಕ್ಕೆ ಮತ್ತೆ ನೀರು ಕಟ್ಟಬೇಕು. ಕಾಲುವೆಯ ನೀರು ಸರದಿಯಲ್ಲಿ ಬರುವ ಊರುಗಳಲ್ಲಿ ಬಸಿಯುವುದು ಸುಲಭ, ಮತ್ತೆ ಕಟ್ಟುವುದು ನಿಮ್ಮ ಕೈಯಲ್ಲಿರುವುದಿಲ್ಲ. ವರ್ಷವರ್ಷವೂ ಒಂದೇ ಔಷಧಿಗೆ ಜೋತುಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಹರಿಯಾಣ, ಪಂಜಾಬಿನ ಗೋಧಿ ಹೊಲಗಳು ಉದಾಹರಣೆ: ಐಸೊಪ್ರೊಟ್ಯುರಾನ್ ಎಂಬ ಒಂದೇ ಕಳೆನಾಶಕವನ್ನು ನೆಚ್ಚಿದ್ದ ಅಲ್ಲಿ 1990ರ ದಶಕದ ಆರಂಭಕ್ಕೆ ಗೋಧಿಯಂತೆಯೇ ಕಾಣುವ ಫಲಾರಿಸ್ ಎಂಬ ಹುಲ್ಲು ಅದಕ್ಕೆ ಜಗ್ಗದಂತಾಯಿತು.

ರಾಗಿಯಲ್ಲಿ ಮಾತ್ರ ನಾನು ಕಳೆನಾಶಕವನ್ನು ಕೊನೆಗಿಡುತ್ತೇನೆ. ಹುಟ್ಟುವ ಮೊದಲು ಹೊಡೆಯುವ ಆಕ್ಸಿಫ್ಲೋರ್‌ಫೆನ್‌ನ ಪ್ರಮಾಣ ಸ್ವಲ್ಪ ಹೆಚ್ಚಾದರೂ ರಾಗಿಯ ಮೊಳಕೆಗೇ ಪೆಟ್ಟು. ಮೂರು ವಾರದ ಮೇಲೆ ಹೊಡೆಯುವ 2,4-ಡಿ ಅಗಲ ಎಲೆಯ ಕಳೆಯನ್ನಷ್ಟೇ ಕೊಲ್ಲುತ್ತದೆ. ಹುಲ್ಲು ನಗುತ್ತಾ ನಿಲ್ಲುತ್ತದೆ, ಅಕ್ಕಡಿಯ ಅವರೆ, ತೊಗರಿ, ಹುಚ್ಚೆಳ್ಳು ಮುರುಟಿ ಸಾಯುತ್ತವೆ. ಗಾಳಿಯಲ್ಲಿ ತೇಲಿ ಹೋದ ಹನಿ ಪಕ್ಕದವರ ಟೊಮೆಟೊ, ಹತ್ತಿ, ದ್ರಾಕ್ಷಿಯ ಎಲೆಗಳನ್ನು ಮುರುಟಿಸಿ ನೆರೆಹೊರೆಯ ಜಗಳಕ್ಕೂ ಕಾರಣವಾಗುತ್ತದೆ. ಬರೀ ರಾಗಿ ಹಾಕಿದ, ಆಳೂ ಎತ್ತೂ ಸಿಗದ ಹೊಲಕ್ಕೆ ಇದು ಬೇಕಾಗಬಹುದು. ಆಗ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಡಬ್ಬಿಯ ಮೇಲಿನ ಬೆಳೆಯ ಹೆಸರು ಮತ್ತು ಪ್ರಮಾಣ ಓದಿಕೊಂಡೇ ಬಳಸಬೇಕು.

ಗ್ಲೈಫೋಸೇಟ್ ಬೆಳೆಯನ್ನೂ ಕಳೆಯನ್ನೂ ಬೇಧವಿಲ್ಲದೆ ಕೊಲ್ಲುವಂಥದ್ದು. ನಮ್ಮ ದೇಶದಲ್ಲಿ ಅದಕ್ಕೆ ಚಹಾ ತೋಟ ಮತ್ತು ಬೆಳೆಯಿಲ್ಲದ ಜಾಗಕ್ಕಷ್ಟೇ ಒಪ್ಪಿಗೆಯಿದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಧಾನ್ಯದ ಹೊಲದ ಈ ಹೋಲಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ಸಿಂಪಡಿಸುವ ಕ್ರಮದ ಬಗ್ಗೆ ಒಂದು ಮಾತು. ಎಕರೆಗೆ 200 ಲೀಟರ್ ನೀರು ಎಂದರೆ 16 ಲೀಟರಿನ ಹನ್ನೆರಡು ಹದಿಮೂರು ಕ್ಯಾನು. ಆರು ಕ್ಯಾನಿಗೇ ಮುಗಿಸಿ, ಔಷಧಿ ಕೆಲಸ ಮಾಡಲಿಲ್ಲ ಎನ್ನುವವರು ಬಹಳ. ಕೀಟನಾಶಕದ ನಾಜಲ್ ತೆಗೆದು ಚಪ್ಪಟೆ ಬೀಸಣಿಗೆಯಂತೆ ಹನಿಸುವ ನಾಜಲ್ ಹಾಕಬೇಕು. 2,4-ಡಿ ಹೊಡೆದ ಕ್ಯಾನನ್ನು ಸರಿಯಾಗಿ ತೊಳೆಯದೆ ಟೊಮೆಟೊಗೆ ಬಳಸಿದರೆ ಆಮೇಲೆ ಬೇಸರಪಟ್ಟು ಪ್ರಯೋಜನವಿಲ್ಲ.

ಜೋಳದ ಸ್ಟ್ರೈಗಾ

ಜೋಳದ ಬೇರಿಗೆ ಅಂಟಿ ಬೆಳೆಯುವ ಸ್ಟ್ರೈಗಾ ಮೇಲಿನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದು ನೆಲದ ಮೇಲೆ ತಲೆಯೆತ್ತುವ ಹೊತ್ತಿಗೆ ಒಳಗಿನ ಹಾನಿ ಮುಗಿದಿರುತ್ತದೆ. ಹಾಗಾಗಿ ಈ ವರ್ಷ ಕಿತ್ತರೆ ಈ ವರ್ಷದ ಇಳುವರಿ ಮರಳುವುದಿಲ್ಲ. ಹೂಬಿಡುವ ಮೊದಲು ಕಿತ್ತರೆ ಮುಂದಿನ ವರ್ಷಗಳಿಗೆ ಬೀಜ ಉದುರುವುದು ತಪ್ಪುತ್ತದೆ, ಅಷ್ಟೇ. ಧೂಳಿನಷ್ಟು ಸಣ್ಣ ಆ ಬೀಜಗಳು ಮಣ್ಣಿನಲ್ಲಿ ಹತ್ತು ವರ್ಷ ಮೀರಿ ಜೀವ ಹಿಡಿದಿರಬಲ್ಲವು, ಆಸರೆಯ ಬೇರು ಸ್ರವಿಸುವ ರಸಾಯನ ತಾಗಿದರೆ ಮಾತ್ರ ಮೊಳೆಯುತ್ತವೆ. ಹತ್ತಿಯ ಬೇರೂ ಅಂತಹ ರಸಾಯನ ಸ್ರವಿಸುತ್ತದೆ, ಆದರೆ ಆಸರೆ ಕೊಡುವುದಿಲ್ಲ. ಮೊಳೆತ ಸ್ಟ್ರೈಗಾ ಉಪವಾಸ ಬಿದ್ದು ಸಾಯುತ್ತದೆ. ಆದ್ದರಿಂದ ಇಲ್ಲಿ ಕಳೆನಾಶಕಕ್ಕಿಂತ ಹತ್ತಿಯೊಂದಿಗೆ ಬೆಳೆ ಬದಲಾವಣೆಯೇ ಸರಿಯಾದ ಆಯ್ಕೆ.

ಗೋಮಾಳ ಮತ್ತು ಹುಲ್ಲುಗಾವಲು

ಇಲ್ಲಿ ಅಳತೆಗೋಲು ಬದಲಾಗುತ್ತದೆ. ಎಕರೆಗೆ ಬರುವ ಆದಾಯ ಕಡಿಮೆ, ಜಾಗ ವಿಶಾಲ, ಮೇಯುವ ಬಾಯಿಗಳಿವೆ. ಬೆಲೆ ಹೆಚ್ಚಿನ ಯಾವ ವಿಧಾನವೂ ಇಲ್ಲಿ ಗಿಟ್ಟುವುದಿಲ್ಲ.

1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಹುಲ್ಲನ್ನು ಹಿಂದೂಡುವುದಲ್ಲದೆ ದನ ಮೇದರೆ ಹಾಲನ್ನು ಕಹಿ ಮಾಡುತ್ತದೆ, ಕಿತ್ತವರ ಮೈಯಲ್ಲಿ ತುರಿಕಜ್ಜಿ ಏಳಿಸುತ್ತದೆ. ಹೂವಿಗೆ ಮೊದಲು, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗವಸು ಹಾಕಿಕೊಂಡು ಬುಡಸಮೇತ ಕೀಳುವುದು ಸಣ್ಣ ಜಾಗಕ್ಕೆ ಸರಿ. ದೊಡ್ಡ ಜಾಗಕ್ಕೆ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೈಗೋಗ್ರಾಮ ಜೀರುಂಡೆ ಇದೆ. ಅದಕ್ಕೆ ಕೂಲಿ ಬೇಡ, ತಾನೇ ಹರಡುತ್ತದೆ. ಆದರೆ ಮಳೆಗಾಲದಲ್ಲಿ ಮಾತ್ರ ಚುರುಕು, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಅದು ಏಳುವ ಮೊದಲೇ ಹುಟ್ಟಿ ಹೂಬಿಟ್ಟ ಗಿಡ ತಪ್ಪಿಸಿಕೊಳ್ಳುತ್ತದೆ. ತಗಚೆಯ ಬೀಜ ಎರಚಿ ಪೈಪೋಟಿಗೆ ಬಿಡುವುದು ನಿಧಾನ, ಅಗ್ಗ. ಆದರೆ ತಗಚೆಯನ್ನೂ ದನ ತಿನ್ನುವುದಿಲ್ಲ ಎಂಬುದನ್ನು ನೆನಪಿಡಬೇಕು. ಮೇವು ಬೇಕಾದವರು ತೆರವಾದ ಜಾಗಕ್ಕೆ ಕೂಡಲೇ ಸ್ಟೈಲೊ ಎಂಬ ದ್ವಿದಳ ಮೇವು ಮತ್ತು ಹುಲ್ಲಿನ ಬೀಜ ಬಿತ್ತಿ, ಒಂದು ಮಳೆಗಾಲ ಮೇಯಿಸದೆ ಬಿಡಬೇಕು. ಕಿತ್ತು ಬರಿದಾಗಿ ಬಿಟ್ಟ ನೆಲ ಮತ್ತೆ ಪಾರ್ಥೇನಿಯಂಗೆ ಕರೆಯೋಲೆ.

ಲಂಟಾನ ಬೇರೆ ಬಗೆಯದು. ಅದರ ಎಲೆ ತಿಂದ ದನಕ್ಕೆ ಕಾಮಾಲೆ ಬಂದು ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮೇಲಿಂದ ಕಡಿದರೆ ಇನ್ನೂ ಒತ್ತಾಗಿ ಚಿಗುರುವುದರಿಂದ ಬುಡದ ಗಡ್ಡೆಯನ್ನು ಗುದ್ದಲಿಯಲ್ಲಿ ಕಡಿದು ತಲೆಕೆಳಗಾಗಿ ಬಿಡಬೇಕು. ಕಡ್ಡಿಗೆ ಬೇಡಿಕೆ ಇದ್ದರೆ ಕೂಲಿ ಸ್ವಲ್ಪ ಹಗುರಾಗುತ್ತದೆ; ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಹೆಣೆಯುತ್ತಾರೆ.

ಹಣದ ಲೆಕ್ಕ

ಒಂದು ಎಕರೆ ಮಳೆಯಾಶ್ರಿತ ರಾಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೂಲಿಯ ಜಾಗದಲ್ಲಿ ನಿಮ್ಮೂರಿನ ದರ ಹಾಕಿಕೊಳ್ಳಿ. ಇಳುವರಿ ಎಂಟು ಕ್ವಿಂಟಲ್, ಕಳೆ ಬಿಟ್ಟರೆ ಕಾಲು ಭಾಗ ನಷ್ಟ ಎಂದುಕೊಂಡರೆ ಎರಡು ಕ್ವಿಂಟಲ್. 2025–26ರ ಬೆಂಬಲ ಬೆಲೆ 4,886 ರೂಪಾಯಿಯಂತೆ 9,772 ರೂಪಾಯಿ. ಎರಡು ಬಾರಿ ಕೈಕಳೆಗೆ 20 ಆಳು, ಆಳಿಗೆ 400 ರೂಪಾಯಿಯಂತೆ 8,000. ಉಳಿಸಿದ್ದರಲ್ಲಿ ಬಹುಪಾಲು ಕೂಲಿಗೇ ಹೋಯಿತು. ಎಡೆಕುಂಟೆ ಎರಡು ಸಲಕ್ಕೆ 2,000 ಹಾಗೂ ಸಾಲಿನೊಳಗಿನದಕ್ಕೆ ಆರು ಆಳಿನ 2,400 ಸೇರಿದರೆ 4,400. ಕಳೆನಾಶಕ, ಸಿಂಪಡಿಸುವ ಕೂಲಿ 1,500 ಎಂದರೂ ಉಳಿದ ಹುಲ್ಲು ಕೀಳಲು ಅದೇ ಆರು ಆಳು ಬೇಕು, ಒಟ್ಟು 3,900. ಕುಂಟೆಗೂ ಔಷಧಿಗೂ ವ್ಯತ್ಯಾಸ 500 ರೂಪಾಯಿ. ಅಕ್ಕಡಿಯಲ್ಲಿ ಅರ್ಧ ಕ್ವಿಂಟಲ್ ತೊಗರಿ ಬಂದರೂ ಅದೇ ವರ್ಷದ ಬೆಂಬಲ ಬೆಲೆ 8,000ದ ಪ್ರಕಾರ 4,000 ರೂಪಾಯಿ. 500 ಉಳಿಸಲು ಹೋಗಿ 4,000 ಕಳೆದುಕೊಳ್ಳುವ ಲೆಕ್ಕ ಇದು.

ಮೆಕ್ಕೆಜೋಳದಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಬರೀ ಮೆಕ್ಕೆಜೋಳ, ಐದಾರು ಎಕರೆ, ಆಳಿನ ಬರ ಎಂದಾದರೆ ಹುಟ್ಟುವ ಮೊದಲಿನ ಕಳೆನಾಶಕ ಒಮ್ಮೆ, 30ನೆಯ ದಿನಕ್ಕೆ ಎಡೆ ಒಮ್ಮೆ ಎಂಬ ಜೋಡಿ ಗಟ್ಟಿಯಾದದ್ದು. ನೇರ ಬಿತ್ತನೆಯ ಭತ್ತಕ್ಕೆ ಒಂದೇ ವಿಧಾನ ಎಂದೂ ಸಾಲದು. ಹುಟ್ಟುವ ಮೊದಲೊಂದು, ಹುಟ್ಟಿದ ಮೇಲೊಂದು ಎಂದು ಎರಡು ಖರ್ಚು ಬರೆದುಕೊಂಡೇ ಬಿತ್ತನೆಗೆ ಇಳಿಯಬೇಕು. ಯಾವ ದಾರಿ ಹಿಡಿದರೂ ಮಾಗಿ ಉಳುಮೆಯನ್ನೂ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನೂ ಬಿಡುವಂತಿಲ್ಲ, ಅರೆಕೊಳೆತ ಗೊಬ್ಬರವೆಂದರೆ ದುಡ್ಡು ಕೊಟ್ಟು ಕಳೆ ಬೀಜ ಬಿತ್ತಿದಂತೆ. ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಕುಂಟೆ ಹೊಡೆದು ಬಿತ್ತುವ ಉಪಾಯ ನೀರಾವರಿಯವರಿಗೆ ಒಳ್ಳೆಯದು. ಮಳೆಯನ್ನೇ ನಂಬಿದವರು ಆ ಹತ್ತು ದಿನದ ತೇವವನ್ನು ಪಣಕ್ಕಿಡಬೇಕಾಗುತ್ತದೆ.

ಇಷ್ಟಾದ ಮೇಲೂ ಎರಡು ವಿಧಾನಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಈ ಹಂಗಾಮಿನಲ್ಲೇ ಹೊಲದ ಒಂದು ಮೂಲೆಯಲ್ಲಿ ಹತ್ತಡಿ ಚೌಕದ ಮೂರು ತಾಕು ಗುರುತಿಸಿ. ಒಂದಕ್ಕೆ ಒಂದು ವಿಧಾನ, ಇನ್ನೊಂದಕ್ಕೆ ಇನ್ನೊಂದು, ಮೂರನೆಯದನ್ನು ಮುಟ್ಟಬೇಡಿ. ಆದರೆ ಅದರ ಕಳೆ ಬೀಜ ಕಟ್ಟುವ ಮೊದಲು ತೆನೆ ಮುರಿದು ಹಾಕಿ. ಕೊಯ್ಲಿನ ದಿನ ಮೂರನ್ನೂ ಬೇರೆಬೇರೆ ಬಡಿದು ತೂಗಿ, ಖರ್ಚಿನ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.